ಬೀಜವು ಯಾರ ಸೊತ್ತು?



ಕುಮಟಾ ತಾಲೂಕಿನ ಒಂದು ಹೊಳೆದಂಡೆಯ ಊರಿನಲ್ಲಿ ಹೋದ ವರ್ಷ ಬೆಳೆಹಬ್ಬವು ನಡೆದಾಗ ಸಭೆಯವರು ವಾಡಿಕೆಯಂತೆ ತೆಂಗಿನಕಾಯಿ, ಬಾಳೆಗೊನೆ, ಸೌತೆಕಾಯಿ, ಕೋಳಿ, ಅಕ್ಕಿ ಮುಂತಾದವುಗಳನ್ನು ತಂದು ದೇವಾಲಯದಲ್ಲಿ ಅರ್ಪಿಸಿದರು. ಆರಾಧನೆಯು ತೀರಿದ ಬಳಿಕ ಅವುಗಳ ಲಿಲಾವು ನಡೆಯಿತು. ಎಲ್ಲವೂ ಒಳ್ಳೆಯ ಬೆಲೆಗೆ ಹೋದವು. ಒಬ್ಬ ಮುದುಕಿಯು ತಂದಿಟ್ಟಿದ್ದ ಹಳೆಯ ಅರಿವೆಯ ಗಂಟು ಮಾತ್ರ ಉಳಿಯಿತು. ಬಿಚ್ಚಿ ನೋಡಲಾಗಿ ಅದರಲ್ಲಿ ಕೆಲವು ಸೇರು ಕಗ್ಗ ಭತ್ತವಿತ್ತು. ಯಾರೂ ಕೂಗಲಿಲ್ಲ. ಒಬ್ಬ ಹುಡುಗನು, ಇದು ಕೋಳಿಗೆ ಹಾಕಲಿಕ್ಕೆ ಆದೀತು ಎಂದು ನಕ್ಕನು. ಆಗ ಆ ಮುದುಕಿಯು ಎದ್ದು ಹೇಳಿದ್ದೇನಂದರೆ: "ಉಪದೇಶಿಯವರೇ, ಇದು ಉಣ್ಣುವ ಭತ್ತವಲ್ಲ, ಬೀಜದ ಭತ್ತ. ನಮ್ಮ ಅತ್ತೆಯವರು ನನ್ನ ಕೈಗೆ ಕೊಟ್ಟದ್ದು. ಅವರಿಗೆ ಅವರ ಅತ್ತೆಯವರು ಕೊಟ್ಟದ್ದು. ನಮ್ಮ ಗದ್ದೆ ಈಗ ಸಿಗಡಿಯವರ ಕೈಯಲ್ಲಿ ಉಂಟು. ಎರಡು ಮಳೆಗಾಲ ಬಿತ್ತದೆ ಬಿಟ್ಟರೆ ಇದು ಸಾಯುತ್ತದೆ. ದೇವರದ್ದನ್ನು ದೇವರ ಮುಂದೆ ತಂದಿಟ್ಟಿದ್ದೇನೆ. ಇನ್ನು ನೀವೇ ನೋಡಿರಿ."

ಈ ಮಾತು ನಮ್ಮ ಹೃದಯವನ್ನು ಚುಚ್ಚಿತು. ಯಾಕಂದರೆ ಕೆಲವು ವರ್ಷಗಳ ಹಿಂದೆ ಅದೇ ಊರಿನಲ್ಲಿ ನಾವು ಉಪದೇಶ ಮಾಡುವಾಗ, ಹಳೆಯ ಬೀಜವನ್ನು ಕಟ್ಟಿಕೊಂಡು ಬಡತನದಲ್ಲಿ ಇರಬೇಡಿರಿ, ಹೆಚ್ಚು ಕೊಡುವ ಹೊಸ ಬೀಜವನ್ನು ಬಿತ್ತಿರಿ ಎಂದು ಹೇಳಿದ್ದುಂಟು. ಆ ಗದ್ದೆಯ ನೀರಿನ ರುಚಿಯನ್ನು ನಾವು ಆಗ ನೋಡಿರಲಿಲ್ಲ. ಆದದರಿಂದ ಇಂದು ಈ ವಿಷಯವನ್ನು ಸಭೆಯವರ ಮುಂದೆ ಇಟ್ಟು, ಬೀಜವು ಯಾರ ಸೊತ್ತು, ಅದನ್ನು ಮಾರ್ಪಡಿಸುವುದಕ್ಕೆ ಮನುಷ್ಯನಿಗೆ ಅಧಿಕಾರವುಂಟೋ, ಅದನ್ನು ಕಾಯುವ ಭಾರವು ಯಾರ ಮೇಲಿದೆ ಎಂಬ ಮೂರು ಪ್ರಶ್ನೆಗಳನ್ನು ವಿಚಾರಿಸುವೆವು.

ಮೊದಲು ಕಗ್ಗವನ್ನು ಅರಿಯದ ಓದುಗರಿಗಾಗಿ ಸ್ವಲ್ಪ ವಿವರಿಸಬೇಕು. ಅಘನಾಶಿನಿ ಹೊಳೆಯು ಶಿರಸಿಯ ಬಳಿ ಹುಟ್ಟಿ, ಸುಮಾರು 120 ಕಿಲೋಮೀಟರು ಹರಿದು, ನಡುವೆ ಯಾವ ದೊಡ್ಡ ಅಣೆಕಟ್ಟೂ ಇಲ್ಲದೆ ತದಡಿಯ ಹತ್ತಿರ ಸಮುದ್ರವನ್ನು ಸೇರುತ್ತದೆ. ಅಲ್ಲಿ ಸಮುದ್ರದ ನೀರು ದಿನಕ್ಕೆ ಎರಡು ಸಾರಿ ಹೊಳೆಯೊಳಗೆ ಏರಿ ಇಳಿಯುತ್ತದೆ. ಆ ಹೊಳೆಯ ಎರಡು ಕಡೆಗಳಲ್ಲಿರುವ ತಗ್ಗು ಗದ್ದೆಗಳಿಗೆ ಗಜನಿ ಎಂದು ಹೆಸರು. ಮಳೆಯು ಹಿಡಿದು ಮಣ್ಣಿನ ಉಪ್ಪನ್ನು ತೊಳೆದ ಮೇಲೆ ಒಕ್ಕಲಿಗರು ಮೊಳಕೆ ಬರಿಸಿದ ಬೀಜವನ್ನು ಅಲ್ಲಿ ಚೆಲ್ಲುತ್ತಾರೆ. ನೆಟ್ಟಿಯಿಲ್ಲ, ಗೊಬ್ಬರವಿಲ್ಲ, ಔಷಧವಿಲ್ಲ. ನೆರೆ ಬಂದು ಪೈರು ಕೆಲವು ದಿನ ಮುಳುಗಿದ್ದರೂ ತಿರಿಗಿ ತಲೆಯೆತ್ತುತ್ತದೆ. ಕೊಯ್ಲಿನಲ್ಲಿ ತೆನೆಯನ್ನು ಮಾತ್ರ ಕೊಯ್ದು ಹುಲ್ಲನ್ನು ಅಲ್ಲಿಯೇ ಬಿಡುತ್ತಾರೆ. ಬಳಿಕ ಒಡ್ಡಿನ ಬಾಗಿಲನ್ನು ತೆರೆದು ಉಪ್ಪುನೀರನ್ನು ಬಿಟ್ಟಾಗ ಆ ಹುಲ್ಲು ಕೊಳೆತು, ಒಳಗೆ ಬಂದ ಮೀನಿಗೂ ಸಿಗಡಿಗೂ ಆಹಾರವಾಗುತ್ತದೆ. ಹೀಗೆ ಒಂದೇ ಗದ್ದೆಯು ಮಳೆಗಾಲದಲ್ಲಿ ಅನ್ನವನ್ನೂ ಬೇಸಿಗೆಯಲ್ಲಿ ಮೀನನ್ನೂ ಕೊಡುತ್ತದೆ. ಮಾಣಿಕಟ್ಟಾ ಊರಿನ ಗಜನಿಯು ಈ ಬೆಳೆಗೆ ಹೆಸರುಗೊಂಡದ್ದು.

ಆದರೆ ಕಗ್ಗದ ಇಳುವರಿ ಕಡಿಮೆ. ಅದರ ಕೆಂಪಕ್ಕಿಗೆ ಪೇಟೆಯಲ್ಲಿ ಗಿರಾಕಿ ಕಡಿಮೆ. 1970ರ ದಶಕದಲ್ಲಿ ಸರಕಾರವು ಗಜನಿಗಳಿಗೆ ಖಾರ್‌ಲ್ಯಾಂಡ್ ಒಡ್ಡುಗಳನ್ನು ಕಟ್ಟಿಸಿತು. ಆಮೇಲೆ ಸಿಗಡಿಗೆ ಪರದೇಶದಲ್ಲಿ ಬೆಲೆಯೇರಿದಾಗ ಅನೇಕರು ಭತ್ತವನ್ನು ಬಿಟ್ಟು ಗದ್ದೆಯನ್ನು ಸಿಗಡಿಯ ಗುತ್ತಿಗೆಗೆ ಕೊಟ್ಟರು. 1990ರ ದಶಕದ ಮಧ್ಯದಲ್ಲಿ ಬಿಳಿಚುಕ್ಕೆಯ ರೋಗವು ನಮ್ಮ ದೇಶದ ಸಿಗಡಿ ಕೊಳಗಳನ್ನು ಹಾಳುಮಾಡಿತು. 1996ರ ದಶಂಬರದಲ್ಲಿ ಸುಪ್ರೀಂ ಕೋರ್ಟು ಕಡಲತೀರದ ಸಿಗಡಿ ಕೊಳಗಳ ವಿಷಯವಾಗಿ ಕಠಿಣವಾದ ತೀರ್ಪನ್ನು ಕೊಟ್ಟಿತು. ಆದರೆ ವರ್ಷಗಟ್ಟಲೆ ಉಪ್ಪುನೀರು ನಿಂತ ಗದ್ದೆಗೆ ತಿರಿಗಿ ಭತ್ತ ಬಿತ್ತುವವರು ಕೆಲವರು ಮಾತ್ರ. ಬೀಜವೂ ಕೆಲವರ ಮನೆಗಳಲ್ಲಿ ಮಾತ್ರ ಉಳಿಯಿತು.

ಇಂಥ ಬೀಜದಲ್ಲಿ ಏನಿದೆ? ವಿಜ್ಞಾನಿಗಳು ಕಂಡುಕೊಂಡದ್ದನ್ನು ಹೇಳುವೆವು. ಒಂದು ಲೀಟರು ಸಮುದ್ರದ ನೀರಿನಲ್ಲಿ ಸುಮಾರು 35 ಗ್ರಾಂ ಉಪ್ಪು ಇರುತ್ತದೆ. ಅದರ ಹತ್ತರಲ್ಲೊಂದು ಪಾಲು ಗದ್ದೆಯ ನೀರಿಗೆ ಸೇರಿದರೂ ಸಾಧಾರಣ ಭತ್ತದ ಸಸಿಯು ಸೊರಗುತ್ತದೆ. ಕೇರಳದ ಉಪ್ಪುನೀರಿನ ಗದ್ದೆಗಳಲ್ಲಿ ನಮ್ಮ ಕಗ್ಗದಂತೆಯೇ ಪೊಕ್ಕಾಳಿ ಎಂಬ ಭತ್ತವನ್ನು ಬಹುಕಾಲದಿಂದ ಬೆಳೆಯುತ್ತಾರೆ. ಫಿಲಿಪೈನ್ಸ್ ದೇಶದಲ್ಲಿ 1960ರಲ್ಲಿ ಸ್ಥಾಪಿತವಾದ ಅಂತರರಾಷ್ಟ್ರೀಯ ಭತ್ತ ಸಂಶೋಧನಾ ಸಂಸ್ಥೆಯವರು ಪೊಕ್ಕಾಳಿಯನ್ನು ಪರೀಕ್ಷಿಸಿ, ಉಪ್ಪನ್ನು ತಾಳುವ ಗುಣದ ಒಂದು ಮುಖ್ಯ ಭಾಗವು ಅದರ ಒಂದನೆಯ ವರ್ಣತಂತುವಿನಲ್ಲಿ ಅಡಗಿದೆ ಎಂದು ಕಂಡು ಅದಕ್ಕೆ ಸಾಲ್ಟಾಲ್ ಎಂದು ಹೆಸರಿಟ್ಟರು. ವರ್ಣತಂತುವೆಂದರೆ ಜೀವಕಣದ ಒಳಗಿರುವ ಅತಿ ಸೂಕ್ಷ್ಮವಾದ ಎಳೆ. ತಂದೆತಾಯಿಗಳ ಗುಣಗಳು ಅದರಲ್ಲಿ ಸಾಲಾಗಿ ಬರೆಯಲ್ಪಟ್ಟಂತೆ ಇರುತ್ತವೆ. ಒಂದೊಂದು ಬರಹಕ್ಕೆ ವಂಶವಾಹಿ ಎಂದು ಹೆಸರು. ಈ ಗುಣವುಳ್ಳ ಪೈರು ಉಪ್ಪಿನೊಳಗಣ ಸೋಡಿಯಮನ್ನು ಬೇರಿನ ಕಡೆಯಲ್ಲಿಯೇ ಆದಷ್ಟು ತಡೆದು ಎಳೆಯ ಎಲೆಗೆ ಹೆಚ್ಚಾಗಿ ಮುಟ್ಟದಂತೆ ಕಾಯುತ್ತದೆ. ಅದೇ ರೀತಿ ಒಡಿಶಾ ರಾಜ್ಯದ ಒಂದು ಹಳೆಯ ಭತ್ತದಲ್ಲಿ ನೆರೆಯ ನೀರನ್ನು ತಾಳುವ ವಂಶವಾಹಿಯನ್ನು 2006ರಲ್ಲಿ ಗುರುತಿಸಿದರು. ಅದನ್ನು ಹೆಚ್ಚು ಬೆಳೆ ಕೊಡುವ ಸ್ವರ್ಣ ತಳಿಗೆ ಸೇರಿಸಿದ್ದರಿಂದ, 2009ರಲ್ಲಿ ನಮ್ಮ ದೇಶದ ಒಕ್ಕಲಿಗರಿಗೆ ಸಿಕ್ಕಿದ ಸ್ವರ್ಣ-ಸಬ್ 1 ಎಂಬ ಭತ್ತವು ಎರಡು ವಾರದ ತನಕ ಮುಳುಗಿದ್ದರೂ ಬದುಕುತ್ತದೆ.

ಇಲ್ಲಿ ಎರಡು ಸಂಗತಿಗಳನ್ನು ಗಮನಿಸತಕ್ಕದ್ದು. ವಿಜ್ಞಾನಿಯು ಈ ಗುಣವನ್ನು ಉಂಟುಮಾಡಲಿಲ್ಲ. ಬಡವರ ಕಣಜದಲ್ಲಿ ಇದ್ದದ್ದನ್ನು ಕಂಡುಕೊಂಡನು. ಒಕ್ಕಲಿಗನೂ ಅದನ್ನು ಉಂಟುಮಾಡಲಿಲ್ಲ. ತನ್ನ ಗದ್ದೆಯಲ್ಲಿ ಸಾಯದೆ ಉಳಿದ ತೆನೆಯನ್ನು ವರ್ಷ ವರ್ಷ ಆರಿಸಿ ಮುಡಿ ಕಟ್ಟಿ ಇಟ್ಟನು. ಒಬ್ಬನು ಕಾದನು, ಇನ್ನೊಬ್ಬನು ಓದಿದನು. ಬೆಳೆಸುವವನಾದರೋ ದೇವರೇ. ಕೊರಿಂಥದವರಿಗೆ ಬರೆಯುವಾಗ ಅಪೊಸ್ತಲನಾದ ಪೌಲನು ನೆಡುವವನನ್ನೂ ನೀರೆರೆಯುವವನನ್ನೂ ಕುರಿತು ಕಲಿಸಿದ್ದು ಇದೇ ಅಲ್ಲವೇ?

ಈಗ ಮೊದಲನೆಯ ಪ್ರಶ್ನೆ: ಬೀಜವನ್ನು ಮಾರ್ಪಡಿಸುವುದಕ್ಕೆ ಮನುಷ್ಯನಿಗೆ ಅಧಿಕಾರವುಂಟೋ? ನಮ್ಮ ಸಭೆಗಳಲ್ಲಿ ಕೆಲವರು, ದೇವರು ಗಿಡಗಳನ್ನು ಅವವುಗಳ ಜಾತಿಗನುಸಾರ ಉಂಟುಮಾಡಿದನು, ಹೊಲದಲ್ಲಿ ಎರಡು ಬಗೆಯ ಬೀಜಗಳನ್ನು ಬೆರಸಿ ಬಿತ್ತಬಾರದೆಂದು ಯಾಜಕಕಾಂಡದ 19ನೆಯ ಅಧ್ಯಾಯದಲ್ಲಿ ವಿಧಿಸಿದನು, ಆದದರಿಂದ ತಳಿಗಳನ್ನು ಬೆರಸುವುದು ಪಾಪ ಎಂದು ಹೇಳುತ್ತಾರೆ. ಇವರ ಭಯಭಕ್ತಿಯನ್ನು ನಾವು ಹೀನೈಸುವುದಿಲ್ಲ. ಆದರೆ ಅದೇ ವಚನವು ಎರಡು ತರದ ನೂಲಿನ ಬಟ್ಟೆಯನ್ನೂ, ಎರಡು ಜಾತಿಯ ಪಶುಗಳ ಕೂಡಿಕೆಯನ್ನೂ ನಿಷೇಧಿಸುತ್ತದೆ. ಹತ್ತಿಯೂ ಪಾಲಿಯೆಸ್ಟರೂ ಬೆರೆತ ಅಂಗಿಯನ್ನು ತೊಟ್ಟುಕೊಂಡೇ ನಾವು ದೇವಾಲಯಕ್ಕೆ ಬರುತ್ತೇವೆ. ಕುದುರೆಗೂ ಕತ್ತೆಗೂ ಹುಟ್ಟಿದ ಹೇಸರಕತ್ತೆಯ ಮೇಲೆಯೇ ಸೊಲೊಮೋನನು ಪಟ್ಟಾಭಿಷೇಕಕ್ಕೆ ಹೋದನೆಂದು ಅರಸುಗಳ ಚರಿತ್ರೆಯಲ್ಲಿ ಓದುತ್ತೇವೆ. ಇಸ್ರಾಯೇಲ್ಯರು ಅನ್ಯಜನಗಳ ನಡುವೆ ಬೇರೆಯಾದ ಜನವಾಗಿ ಇರಬೇಕೆಂದು ಅವರಿಗೆ ಕೊಟ್ಟ ಆ ನಿಯಮಗಳನ್ನು ಕ್ರಿಸ್ತನಲ್ಲಿ ಬಿಡುಗಡೆ ಹೊಂದಿದವರ ಮೇಲೆ ನೊಗವಾಗಿ ಹೊರಿಸಲಾಗದು. ಏದೆನ್ ತೋಟದಲ್ಲಿ ದೇವರು ಮನುಷ್ಯನಿಗೆ ಕೊಟ್ಟ ಕೆಲಸವು ಎರಡು: ವ್ಯವಸಾಯ ಮಾಡುವುದು, ಕಾಯುವುದು. ವ್ಯವಸಾಯವೆಂಬದು ಇದ್ದದ್ದನ್ನು ಇದ್ದಂತೆಯೇ ಬಿಡುವ ಕೆಲಸವಲ್ಲ. ನಾವು ಉಣ್ಣುವ ಯಾವ ಭತ್ತವೂ ಮನುಷ್ಯನ ಕೈ ಸೋಂಕದೆ ಕಾಡಿನಿಂದ ಬಂದದ್ದಲ್ಲ.

ಒಂದು ನಿದರ್ಶನವನ್ನು ಘಟ್ಟದ ಮೇಲಿನ ಸೀಮೆಯಿಂದ ಕೊಡುವೆವು. ರಾಗಿಯು ಆಫ್ರಿಕಾ ಖಂಡದಲ್ಲಿ ಹುಟ್ಟಿ ಪೂರ್ವಕಾಲದಲ್ಲಿ ನಮ್ಮ ದೇಶಕ್ಕೆ ಬಂದ ಧಾನ್ಯ. ಮಂಡ್ಯದ ವಿ. ಸಿ. ಫಾರಂನಲ್ಲಿ ಲಕ್ಷ್ಮಣಯ್ಯನವರೆಂಬ ವಿಜ್ಞಾನಿಯು, ಕಣ್ಣಿಗೆ ಕಂಡೂ ಕಾಣದಷ್ಟು ಚಿಕ್ಕದಾದ ರಾಗಿಯ ಹೂವನ್ನು ಹಿಡಿದು, ಭಾರತದ ರಾಗಿಯನ್ನೂ ಆಫ್ರಿಕದ ರಾಗಿಯನ್ನೂ ವರ್ಷಗಟ್ಟಲೆ ತಾಳ್ಮೆಯಿಂದ ಕೂಡಿಸಿ ಇಂಡಾಫ್ ಎಂಬ ತಳಿಗಳನ್ನು ಕೊಟ್ಟರು. ಅವುಗಳಿಂದ ಬಡವರ ಮುದ್ದೆಯ ರಾಗಿಯು ಹೆಚ್ಚಿತು. ಅಗಲಿಹೋಗಿದ್ದ ಇಬ್ಬರು ಅಣ್ಣತಮ್ಮಂದಿರು ತಿರಿಗಿ ಒಂದು ಮನೆಯಲ್ಲಿ ಕೂಡಿದ್ದನ್ನು ಪಾಪವೆಂದು ಹೇಳುವವನಾರು?

ಆದರೆ ಅಧಿಕಾರವುಂಟೆಂದ ಮಾತ್ರಕ್ಕೆ ಮಾಡಿದ್ದೆಲ್ಲವೂ ಒಳ್ಳೆಯದಾಗುವುದಿಲ್ಲ. 2025ನೆಯ ಇಸವಿ ಮೇ 4ರಂದು ನಮ್ಮ ದೇಶದ ಕೃಷಿ ಮಂತ್ರಿಗಳು ವಂಶವಾಹಿಯನ್ನು ತಿದ್ದಿದ ಎರಡು ಭತ್ತಗಳನ್ನು ಪ್ರಕಟಿಸಿದರು. ಹೈದರಾಬಾದಿನಲ್ಲಿ ಸಿದ್ಧವಾದ ಡಿಆರ್‌ಆರ್ ಧಾನ್ 100 ಒಂದು. ದಿಲ್ಲಿಯಲ್ಲಿ ಸಿದ್ಧವಾದ ಪೂಸಾ ಡಿಎಸ್‌ಟಿ ರೈಸ್ 1 ಇನ್ನೊಂದು. ಈ ಎರಡನೆಯದು ಬರವನ್ನೂ ಉಪ್ಪನ್ನೂ ತಾಳಬೇಕೆಂಬ ಉದ್ದೇಶದಿಂದ ಮಾಡಲ್ಪಟ್ಟದ್ದು. ಬೇರೆ ಜೀವಿಯ ವಂಶವಾಹಿಯನ್ನು ತಂದು ಸೇರಿಸದೆ, ಭತ್ತದ ಸ್ವಂತ ಬರಹದಲ್ಲಿಯೇ ಒಂದು ಚಿಕ್ಕ ತಿದ್ದುಪಡಿಯನ್ನು ಮಾಡಿದ್ದಾರೆ. ಇದನ್ನು ಕೆಲವರು ಹೊಗಳುತ್ತಾರೆ, ಕೆಲವರು ಶಂಕಿಸುತ್ತಾರೆ. ಕ್ರಿಸ್ತೀಯನು ಹೆಸರನ್ನು ಕೇಳಿದ ಕೂಡಲೆ ಹೆದರತಕ್ಕದ್ದಲ್ಲ. ಹೆಸರನ್ನು ಕೇಳಿದ ಕೂಡಲೆ ಕೈಮುಗಿಯತಕ್ಕದ್ದೂ ಅಲ್ಲ. ಮರವನ್ನು ಅದರ ಫಲದಿಂದ ಗುರುತಿಸಬೇಕೆಂದು ನಮ್ಮ ಕರ್ತನು ಕಲಿಸಿದ್ದಾನೆ. ಹೊಸ ಬೀಜವು ಬಂದಾಗ ನಾವು ಕೇಳತಕ್ಕ ಮಾತುಗಳು ಇವು: ಇದು ನಮ್ಮ ಮಣ್ಣಿನಲ್ಲಿ ಬದುಕುವುದೋ? ಉಣ್ಣುವವನಿಗೆ ಹಿತವೋ? ಇದರಿಂದ ನೆರೆಯವನ ಹೊಲಕ್ಕೆ ಕೇಡಿಲ್ಲವೋ? ಬರುವ ವರ್ಷದ ಬೀಜವು ನಮ್ಮ ಕೈಯಲ್ಲಿ ಉಳಿಯುವುದೋ? ಹೆಚ್ಚು ಭತ್ತ ಸಿಕ್ಕೀತೆಂಬ ಒಂದೇ ಮಾತಿನಿಂದ ಈ ನಾಲ್ಕು ಪ್ರಶ್ನೆಗಳನ್ನು ಮುಚ್ಚಲಾಗದು. ನಾವು ಹಿಂದೆ ಮುಚ್ಚಿದ್ದೆವು. ಅದೇ ನಮ್ಮ ತಪ್ಪು.

ಆ ನಾಲ್ಕನೆಯ ಮಾತಿನಿಂದ ಎರಡನೆಯ ಪ್ರಶ್ನೆಗೆ ಬರುತ್ತೇವೆ: ಬೀಜವು ಯಾರ ಸೊತ್ತು? ಆದಿಕಾಂಡದ 47ನೆಯ ಅಧ್ಯಾಯವನ್ನು ಓದಿರಿ. ಯೋಸೇಫನು ಸುಭಿಕ್ಷದ ವರ್ಷಗಳಲ್ಲಿ ಧಾನ್ಯವನ್ನು ಕೂಡಿಸಿ ಇಟ್ಟದ್ದರಿಂದ ಐಗುಪ್ತದ ಜನರ ಪ್ರಾಣವು ಉಳಿಯಿತು. ಆದರೆ ಬರವು ಹೆಚ್ಚಿದಾಗ ಜನರು ಮೊದಲು ಹಣವನ್ನು ಕೊಟ್ಟರು, ಆಮೇಲೆ ದನಕುರಿಗಳನ್ನು ಕೊಟ್ಟರು, ಕಡೆಗೆ ಹೊಲವನ್ನೂ ತಮ್ಮನ್ನೂ ಫರೋಹನಿಗೆ ಒಪ್ಪಿಸಿ ಬೀಜವನ್ನು ಬೇಡಿಕೊಂಡರು. ಬೀಜವು ಸಿಕ್ಕಿತು, ಅಂದಿನಿಂದ ಬೆಳೆಯ ಐದರಲ್ಲೊಂದು ಪಾಲು ಫರೋಹನದಾಯಿತು. ಉಗ್ರಾಣವು ಪ್ರಾಣವನ್ನು ಉಳಿಸಿತು. ಉಗ್ರಾಣವು ಒಬ್ಬನ ಕೈಯಲ್ಲಿಯೇ ಇದ್ದದ್ದರಿಂದ ಸ್ವಾತಂತ್ರ್ಯವು ಹೋಯಿತು. ಸತ್ಯವೇದವು ಇವೆರಡನ್ನೂ ಮರೆಮಾಡದೆ ಹೇಳುತ್ತದೆ. ನಾವು ಇವೆರಡರಲ್ಲಿ ಒಂದನ್ನು ಮಾತ್ರ ಓದಬಾರದು.

ನಮ್ಮ ಕಾಲದಲ್ಲಿಯೂ ಇಂಥ ಉಗ್ರಾಣಗಳುಂಟು. ಮೇಲೆ ಹೇಳಿದ ಫಿಲಿಪೈನ್ಸಿನ ಸಂಸ್ಥೆಯ ಶೀತಲಗೃಹದಲ್ಲಿ 1,20,000ಕ್ಕೂ ಮಿಕ್ಕ ಭತ್ತದ ಮಾದರಿಗಳಿವೆ. ನಾರ್ವೆ ದೇಶದ ಸ್ವಾಲ್ಬಾರ್ಡ್ ಎಂಬ ಹಿಮದ ದ್ವೀಪಸಮೂಹದಲ್ಲಿ 2008ರಲ್ಲಿ ಬೆಟ್ಟವನ್ನು ಕೊರೆದು ಲೋಕದ ಬೀಜಗಳಿಗಾಗಿ ಒಂದು ಕಣಜವನ್ನು ತೆರೆದರು. ಸಿರಿಯಾ ದೇಶದ ಯುದ್ಧದಿಂದ ಅಲೆಪ್ಪೊ ಪಟ್ಟಣದ ಬಳಿಯ ಬೀಜಸಂಗ್ರಹವನ್ನು ಉಪಯೋಗಿಸಲಾಗದೆ ಹೋದಾಗ, ಮೊದಲೇ ಅಲ್ಲಿ ಇಟ್ಟಿದ್ದ ಮಾದರಿಗಳನ್ನು 2015ರಲ್ಲಿ ಹಿಂದಕ್ಕೆ ತಂದು ಬಿತ್ತಿದರು. ಇದು ದೊಡ್ಡ ಉಪಕಾರ. ಆದರೂ ಕಣಜದಲ್ಲಿ ನಿದ್ರಿಸುವ ಬೀಜವು ಹೊಸದನ್ನು ಕಲಿಯದು. ಸಮುದ್ರವು ಏರುತ್ತಿದೆ, ಮಳೆಯ ಕಾಲವು ಮಾರ್ಪಡುತ್ತಿದೆ. ಗದ್ದೆಯಲ್ಲಿ ವರ್ಷ ವರ್ಷ ಬಿತ್ತಲ್ಪಡುವ ಬೀಜವು ಮಾತ್ರ ಆಯಾ ವರ್ಷದ ಉಪ್ಪಿಗೂ ನೆರೆಗೂ ಎದುರಾಗಿ, ತಾಳಲಾರದ್ದು ಸತ್ತು ತಾಳುವಂಥದ್ದು ಉಳಿಯುತ್ತದೆ. ಆದದರಿಂದ ಶೀತಲಗೃಹವೂ ಬೇಕು, ಗಜನಿಯೂ ಬೇಕು.

ಪೇಟೆಯ ಬೀಜದ ವಿಷಯವಾಗಿಯೂ ತಿಳಿಯತಕ್ಕದ್ದುಂಟು. ಮಂಡ್ಯದಲ್ಲಿ ಮಹದೇವಪ್ಪನವರೂ ಅವರ ಸಂಗಡಿಗರೂ 1990ರ ದಶಕದಲ್ಲಿ ಕೆಆರ್‌ಎಚ್-1, ಕೆಆರ್‌ಎಚ್-2 ಎಂಬ ಸಂಕರ ಭತ್ತಗಳನ್ನು ಸಿದ್ಧಪಡಿಸಿ ದೇಶಕ್ಕೆ ಉಪಕಾರ ಮಾಡಿದರು. ಆದರೆ ಸಂಕರ ಬೀಜದ ಸ್ವಭಾವವೇನಂದರೆ, ಅದರ ಬೆಳೆಯಿಂದ ತೆಗೆದ ಭತ್ತವನ್ನು ತಿರಿಗಿ ಬಿತ್ತಿದಲ್ಲಿ ಪೈರು ಒಂದೇ ಸಮವಾಗಿ ಬಾರದು, ಇಳುವರಿ ಇಳಿಯುತ್ತದೆ. ಆದದರಿಂದ ಪ್ರತಿ ವರ್ಷವೂ ಬೀಜವನ್ನು ಕೊಳ್ಳಬೇಕು. ಇದು ಮೋಸವಲ್ಲ, ಬೀಜದ ಗುಣ. ಕೊಳ್ಳುವವನಿಗೆ ಇದು ಮೊದಲೇ ತಿಳಿದಿರಬೇಕು. 2001ನೆಯ ಇಸವಿಯ ಸಸ್ಯತಳಿಗಳ ಸಂರಕ್ಷಣೆ ಹಾಗೂ ರೈತರ ಹಕ್ಕುಗಳ ಕಾಯಿದೆಯ ಪ್ರಕಾರ ಒಕ್ಕಲಿಗನು ತಾನು ಬೆಳೆದ ಬೀಜವನ್ನು ಇಟ್ಟುಕೊಳ್ಳಬಹುದು, ತಿರಿಗಿ ಬಿತ್ತಬಹುದು, ನೆರೆಯವನೊಡನೆ ಬದಲಾಯಿಸಬಹುದು, ಮಾರಲೂಬಹುದು. ಇನ್ನೊಬ್ಬರ ಒಡೆತನದಲ್ಲಿ ದಾಖಲಾದ ತಳಿಯನ್ನು ಅದರ ಗುರುತಿನ ಚೀಲದಲ್ಲಿ ಹಾಕಿ ಮಾರಬಾರದು ಮಾತ್ರ. ಒಕ್ಕಲಿಗರು ತಾವು ಕಾದ ತಳಿಯನ್ನು ತಮ್ಮ ಹೆಸರಿನಲ್ಲಿ ದಾಖಲು ಮಾಡಿಸುವ ಹಕ್ಕೂ ಅದರಲ್ಲಿ ಉಂಟು. ಇದನ್ನು ಅರಿಯದೆ ನಮ್ಮವರು ಹೆದರಬಾರದು.

ಹಾಗಾದರೆ ಒಡೆಯನು ಯಾರು? ಮುದುಕಿಯ ಮಾತೇ ಸರಿಯಾದ ಉತ್ತರವೆಂದು ನಮಗೆ ತೋರುತ್ತದೆ. ಅವಳು ಬೀಜವನ್ನು ತನ್ನದೆನ್ನಲಿಲ್ಲ. ಅತ್ತೆಯಿಂದ ಬಂತೆಂದಳು, ದೇವರದೆಂದಳು. ಬೀಜವು ದೇವರ ಸೊತ್ತು. ಒಕ್ಕಲಿಗನೂ ವಿಜ್ಞಾನಿಯೂ ಮನೆವಾರ್ತೆಯವರು. ಮನೆವಾರ್ತೆಯವನು ಉಪಯೋಗಿಸಬಹುದು, ಹೆಚ್ಚಿಸಬಹುದು, ಹಂಚಬಹುದು. ಲೆಕ್ಕ ಕೊಡುವ ದಿನವು ಬರುವದೆಂಬದನ್ನು ಮಾತ್ರ ಮರೆಯಬಾರದು. ತಲಾಂತನ್ನು ನೆಲದಲ್ಲಿ ಹೂತಿಟ್ಟವನು ಅದನ್ನು ಕಳೆಯಲಿಲ್ಲ, ಆದರೂ ತಪ್ಪಿತಸ್ಥನಾದನು. ಬೀಜವನ್ನಾದರೋ ಹೂಳದೆ ಇಟ್ಟರೆ ಕಳೆದುಹೋಗುತ್ತದೆ.

ಮೂರನೆಯದು ಎಲ್ಲಕ್ಕಿಂತ ಕಷ್ಟವಾದ ಪ್ರಶ್ನೆ: ಕಾಯುವ ಭಾರವು ಯಾರ ಮೇಲೆ? ರಷ್ಯದ ವಾವಿಲೊವ್ ಎಂಬ ಪಂಡಿತನು ಲೋಕವನ್ನೆಲ್ಲಾ ಸುತ್ತಿ ಬೆಳೆಗಳ ಬೀಜಗಳನ್ನು ಕೂಡಿಸಿ ಲೆನಿನ್‌ಗ್ರಾಡ್ ಪಟ್ಟಣದಲ್ಲಿ ಇಟ್ಟನು. 1940ರಲ್ಲಿ ಸರಕಾರವು ಅವನನ್ನು ಸೆರೆಹಿಡಿಯಿತು. 1943ರ ಜನವರಿಯಲ್ಲಿ ಅವನು ಸೆರೆಮನೆಯಲ್ಲಿಯೇ ಸತ್ತನು. 1941ರ ಸೆಪ್ಟೆಂಬರದಿಂದ 1944ರ ಜನವರಿಯ ತನಕ ಜರ್ಮನರ ಸೈನ್ಯವು ಆ ಪಟ್ಟಣವನ್ನು ಮುತ್ತಿದಾಗ ಲಕ್ಷಾಂತರ ಜನರು ಹಸಿವೆಯಿಂದ ಸತ್ತರು. ಬೀಜದ ಸಂಸ್ಥೆಯ ಕೆಲಸಗಾರರಾದರೋ ತಮ್ಮ ಸುತ್ತಲೂ ಗೋದಿ, ಜೋಳ, ಭತ್ತ ತುಂಬಿದ್ದರೂ ಅದನ್ನು ಮುಟ್ಟದೆ ಹಸಿದರು. ಅವರಲ್ಲಿ ಅನೇಕರು ಸತ್ತರು. ಭತ್ತದ ಸಂಗ್ರಹವನ್ನು ಕಾಯುತ್ತಿದ್ದ ಇವಾನೊವ್ ಎಂಬವನು ಸಾವಿರಾರು ಬೀಜದ ಪೊಟ್ಟಣಗಳ ನಡುವೆ ಪ್ರಾಣ ಬಿಟ್ಟನು.

ಇದನ್ನು ಓದಿದಾಗ ನಮ್ಮ ಮನಸ್ಸು ಎರಡಾಗುತ್ತದೆ. ಕಾಣದ ಜನರ ಹೊಟ್ಟೆಗಾಗಿ ತನ್ನ ಹೊಟ್ಟೆಯನ್ನು ಒಣಗಿಸಿದ ಆ ಪ್ರೀತಿಯನ್ನು ಯಾರು ಮೆಚ್ಚದೆ ಇರುವರು? ನಮ್ಮ ಕರಾವಳಿಯಲ್ಲಿಯೂ ಆಷಾಢದ ಹಸಿವೆಯಲ್ಲಿ ಗಂಜಿಯ ತಿಳಿಯನ್ನು ಕುಡಿದು ಬೀಜದ ಮುಡಿಯನ್ನು ಬಿಚ್ಚದೆ ಕಾದ ತಾಯಂದಿರು ಇದ್ದರು. ಅವರ ಹೆಸರನ್ನು ಯಾರೂ ಬರೆದಿಡಲಿಲ್ಲ. ಆದರೆ ಮಕ್ಕಳು ಹಸಿದು ಅಳುವಾಗ ಮುಡಿಯನ್ನು ಬಿಚ್ಚಿದ ತಾಯಿಯನ್ನು ಪಾಪಿಯೆಂದು ಹೇಳುವ ಧೈರ್ಯವು ನಮಗಿಲ್ಲ. ಹಸಿದ ದಾವೀದನು ದೇವರಿಗೆ ಇಟ್ಟಿದ್ದ ರೊಟ್ಟಿಯನ್ನು ತಿಂದದ್ದನ್ನು ನಮ್ಮ ಕರ್ತನು ತಪ್ಪೆಂದು ಎಣಿಸಲಿಲ್ಲ. ತ್ಯಾಗವನ್ನು ತಾನಾಗಿ ಮಾಡುವವನು ಧನ್ಯನು. ತ್ಯಾಗವನ್ನು ಬಡವನ ಮೇಲೆ ಹೊರಿಸಿ ತಾನು ಸುಮ್ಮನೆ ಕೂತಿರುವವನು, ಭಾರವಾದ ಹೊರೆಗಳನ್ನು ಜನರ ಹೆಗಲಿಗೆ ಕಟ್ಟಿ ಬೆರಳಿನಿಂದಲೂ ಮುಟ್ಟದ ಫರಿಸಾಯರಿಗೆ ಸಮಾನನು.

ಆದದರಿಂದ ಗಜನಿಯನ್ನು ಸಿಗಡಿಯ ಗುತ್ತಿಗೆಗೆ ಕೊಟ್ಟ ಸಹೋದರನನ್ನು ನಾವು ಖಂಡಿಸುವುದಿಲ್ಲ. ಮಗಳ ಮದುವೆಯ ಸಾಲ, ಮಗನ ಕಾಲೇಜಿನ ಹಣ, ಗೋವೆಗೋ ಬೆಂಗಳೂರಿಗೋ ಹೋದ ಮಕ್ಕಳು, ಕೊಯ್ಯಲು ಆಳಿಲ್ಲದ ಮನೆ, ಇವೆಲ್ಲವೂ ನಮಗೆ ತಿಳಿದಿವೆ. ಮೇಲಾಗಿ ಕಗ್ಗವು ಒಬ್ಬನಿಂದ ಆಗುವ ಬೆಳೆಯಲ್ಲ. ಒಡ್ಡು ಒಂದೇ, ಒಬ್ಬನು ಉಪ್ಪುನೀರು ಬಿಟ್ಟರೆ ಹತ್ತು ಮಂದಿಯ ಗದ್ದೆಗೆ ಸೇರುತ್ತದೆ. ಹತ್ತು ಮಂದಿ ಬಿತ್ತಿದರೆ ಹಕ್ಕಿಗಳ ಪಾಲು ಹತ್ತು ಗದ್ದೆಗಳಲ್ಲಿ ಹಂಚಿಹೋಗುತ್ತದೆ. ಒಬ್ಬನೇ ಬಿತ್ತಿದರೆ ಅವನ ಗದ್ದೆಯನ್ನೇ ಬರಿದುಮಾಡುತ್ತವೆ. ಹೀಗಿರುವಲ್ಲಿ ಒಬ್ಬನನ್ನು ದೂರಿ ಪ್ರಯೋಜನವೇನು? ಅನ್ನವನ್ನು ಉಣ್ಣುವವರೆಲ್ಲರೂ ಬೀಜಕ್ಕೆ ಸಾಲಗಾರರು. ಭಾರವು ಎಲ್ಲರದು.

ಕೆಲವರು, ಕಗ್ಗವು ಹೋದರೆ ದೇವರು ಬೇರೊಂದನ್ನು ಕೊಡನೇ ಎಂದು ಕೇಳುವರು. ಜಲಪ್ರಳಯದ ನಂತರ ಪ್ರಾಣಿಗಳನ್ನು ಹೊಸದಾಗಿ ಸೃಷ್ಟಿಸುವುದು ದೇವರಿಗೆ ಅಸಾಧ್ಯವಾಗಿತ್ತೇ? ಆದರೂ ಆತನು ನೋಹನ ಕೈಗೆ ಉಳಿಯನ್ನು ಕೊಟ್ಟು ನಾವೆಯನ್ನು ಕಟ್ಟಿಸಿದನು. ಉಳಿಸುವ ಕೆಲಸದಲ್ಲಿ ಮನುಷ್ಯನನ್ನು ಪಾಲುಗಾರನನ್ನಾಗಿ ಮಾಡುವುದು ಆತನ ಚಿತ್ತ.

ಹಾಗಾದರೆ ನಾವು ಮಾಡತಕ್ಕದ್ದೇನು? ಕಣ್ಣಾನೂರು ಸೀಮೆಯ ಕೈಪಾಡ್ ಎಂಬ ಉಪ್ಪುಗದ್ದೆಗಳಲ್ಲಿ ಕೇರಳ ಕೃಷಿ ವಿಶ್ವವಿದ್ಯಾಲಯದ ವಿಜ್ಞಾನಿಗಳು ಅಲ್ಲಿಯ ಒಕ್ಕಲಿಗರೊಡನೆ ಕೂಡಿ ಅವರ ಗದ್ದೆಯಲ್ಲಿಯೇ ಪರೀಕ್ಷಿಸಿ, ಉಪ್ಪನ್ನು ತಾಳುವ, ಹಳೆಯದಕ್ಕಿಂತ ಹೆಚ್ಚು ಕೊಡುವ ಏಳೋಂ-1, ಏಳೋಂ-2 ಎಂಬ ತಳಿಗಳನ್ನು 2010ರಲ್ಲಿ ಹೊರತಂದರು. ಊರಿನ ಹೆಸರೇ ತಳಿಯ ಹೆಸರಾಯಿತು. ಅಂಥ ಕೆಲಸವು ನಮ್ಮ ಹೊಳೆಗಳ ದಂಡೆಯಲ್ಲಿಯೂ ಆಗಬಹುದು. ನಮ್ಮ ಜಿಲ್ಲೆಯು ಧಾರವಾಡದ ಕೃಷಿ ವಿಶ್ವವಿದ್ಯಾಲಯಕ್ಕೆ ಸೇರಿದ್ದು. ಅದರ ಕೃಷಿ ವಿಜ್ಞಾನ ಕೇಂದ್ರವು ಶಿರಸಿಯಲ್ಲಿದೆ. ಅಲ್ಲಿಗೆ ಹೋಗಿ ಕೇಳುವುದಕ್ಕೆ ನಮ್ಮವರು ನಾಚಬಾರದು. ಬರಿಗೈಯಲ್ಲಿ ಬೇಡಲಿಕ್ಕೆ ಹೋಗುವವರಂತೆ ಅಲ್ಲ, ಅವರಿಗೆ ಬೇಕಾದದ್ದನ್ನು ಮುಡಿಯಲ್ಲಿ ಕಟ್ಟಿಟ್ಟುಕೊಂಡವರಂತೆ ಹೋಗಬೇಕು.

ಇನ್ನು ಸಭೆಗಳು ತಾವೇ ಮಾಡಬಹುದಾದ ಮೂರು ಕೆಲಸಗಳನ್ನು ಸೂಚಿಸುವೆವು. ಮೊದಲನೆಯದಾಗಿ, ಬೆಳೆಹಬ್ಬಕ್ಕೆ ಉಣ್ಣುವ ಧಾನ್ಯದೊಂದಿಗೆ ಬೀಜವನ್ನೂ ತನ್ನಿರಿ. ಕುಮಟೆಯ ಸಿಹಿ ಈರುಳ್ಳಿಯಾಗಲಿ, ಹೊನ್ನಾವರದ ಮನೆಗದ್ದೆಯ ಹಳೆಯ ಭತ್ತವಾಗಲಿ, ಭಟ್ಕಳದ ಹಿತ್ತಲಿನ ಸೌತೆಯಾಗಲಿ, ಅದನ್ನು ಲಿಲಾವು ಮಾಡದೆ ಬಿತ್ತುವವರಿಗೆ ಹಂಚಿರಿ. ಎರಡನೆಯದಾಗಿ, ಒಂದು ಬೀಜವನ್ನು ಒಂದೇ ಮನೆಯಲ್ಲಿ ಇಡಬೇಡಿರಿ. ಮೂರನೆಯದಾಗಿ, ಸಂಬಳವುಳ್ಳ ನಮ್ಮ ಸಭೆಯವರು ಕೆಂಪಕ್ಕಿಯನ್ನು ನ್ಯಾಯವಾದ ಬೆಲೆಗೆ ಕೊಂಡು ಉಣ್ಣಲಿ. ಕಾಯುವವನನ್ನು ಹೊಗಳುವ ಪ್ರಸಂಗಕ್ಕಿಂತ ಅವನ ಅಕ್ಕಿಯನ್ನು ಕೊಳ್ಳುವ ಚೀಲವು ಮೇಲು.

ಮುದುಕಿಯ ಗಂಟಿನ ಸಂಗತಿಯನ್ನು ಹೇಳಿ ಮುಗಿಸುವೆವು. ಆ ದಿನ ಅದನ್ನು ಲಿಲಾವು ಮಾಡಲಿಲ್ಲ. ಮೂರು ಪಾಲು ಮಾಡಿ ಮೂರು ಮನೆಗಳಿಗೆ ಕೊಟ್ಟೆವು. ಅವುಗಳಲ್ಲಿ ಒಂದು, ನಕ್ಕ ಹುಡುಗನ ಮನೆ. ಈ ಮಳೆಗಾಲದಲ್ಲಿ ಮೂರು ಮನೆಯವರೂ ಬಿತ್ತಿದರು. ಒಂದು ಪಾಲನ್ನು ಹಕ್ಕಿಗಳು ತಿಂದವು. ಒಂದು ಪಾಲು ಸಾಧಾರಣವಾಗಿ ಬಂತು. ಹುಡುಗನ ಮನೆಯ ಪಾಲು ಐದು ದಿನ ನೆರೆಯಲ್ಲಿ ಮುಳುಗಿದ್ದು ಎದ್ದಿತು. ಕೊಯ್ಲಾದ ಮೇಲೆ ಬೀಜವನ್ನು ಅಳೆದು ನೋಡಲು ಅವಳ ಬಳಿಗೆ ತೆಗೆದುಕೊಂಡು ಹೋದೆವು. ಅವಳು ಒಂದು ಕಾಳನ್ನು ಹಲ್ಲಿನಲ್ಲಿ ಕಡಿದು ನೋಡಿ, "ಒಣಗಿದ್ದು ಸಾಲದು, ಇನ್ನೂ ಎರಡು ಬಿಸಿಲು ಬೇಕು, ಉಪದೇಶಿಯವರೇ" ಎಂದಳು.

ನಾವು ಅದನ್ನು ಹಿಂದಕ್ಕೆ ತಂದು ಬಿಸಿಲಿಗೆ ಹಾಕಿದ್ದೇವೆ. ಬರುವ ಮಳೆಗೆ ಆರು ಮನೆಗಳಿಗೆ ಸಾಕಾದೀತು. ಬೇಕಾದ ಸಭೆಯವರು ಕೇಳಿಕೊಳ್ಳಲಿ.